ಕೂಡ ಬಂದವಳು

ಕದಿರಮ್ಮ ಯಾರನ್ನೂ ತಾನಾಗಿ ಮಾತಾಡಿಸುವವಳಲ್ಲ. ತಮಿಳುನಾಡಿನ ಗಡಿಯೂರು ತಳಿಯ ಬಸ್ ಸ್ಟ್ಯಾಂಡಿನಲ್ಲಿ, ಹೊಸೂರಿನ ಹೂವಿನ ಮಾರುಕಟ್ಟೆಯಲ್ಲಿ, ಮತ್ತಿಗಿರಿಯ ಅಂಗಡಿಸಾಲಿನಲ್ಲಿ ಎದುರಾದವರು ಎಷ್ಟೇ ಪರಿಚಿತರಾಗಿರಲಿ, ಅವಳ ಕಣ್ಣು ಅವರ ಮುಖದ ಮೇಲೆ ನಿಲ್ಲದೆ ಹಾದುಹೋಗುತ್ತದೆ. ಅವರು ನಕ್ಕರೆ ನಗುತ್ತಾಳೆ, ಮಾತಾಡಿಸಿದರೆ ನಿಂತು ಮಾತಾಡುತ್ತಾಳೆ, ಮುಖ ತಿರುಗಿಸಿದರೆ ಬುಟ್ಟಿಯನ್ನು ಸೊಂಟದಲ್ಲಿ ಸರಿಮಾಡಿಕೊಂಡು ಮುಂದೆ ನಡೆಯುತ್ತಾಳೆ. ಗೊತ್ತಿಲ್ಲದವರು ಜಂಬ ಎನ್ನುತ್ತಾರೆ. "ಅರ್ಧ ಎಕರೆ ಸೇವಂತಿಗೆಗೇ ಇಷ್ಟು ಗತ್ತು, ಇನ್ನು ಪಾಲಿಹೌಸ್ ಇದ್ದಿದ್ರೆ ಹೆಲಿಕಾಪ್ಟರಲ್ಲೇ ಓಡಾಡೋಳು" ಎಂದು ಬಸ್ಸಿನ ಹಿಂದಿನ ಸೀಟಿನವರು ಆಡಿಕೊಳ್ಳುವುದು ಅವಳ ಕಿವಿಗೂ ಬೀಳುತ್ತದೆ. ಗೊತ್ತಿದ್ದವರು ಏನೂ ಅನ್ನುವುದಿಲ್ಲ. ತಮಗೆ ಗೊತ್ತಿದೆಯೆಂಬುದು ಯಾರಿಗೂ ಗೊತ್ತಾಗದಿರಲಿ ಎಂದು ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಾರೆ.

ಸುತ್ತಲಿನ ಹಳ್ಳಿಗಳಲ್ಲಿ ಬೇಡದ ಬಸುರು ನಿಂತು, ಆಸ್ಪತ್ರೆಗೆ ಹೋಗಲು ಜೊತೆಯಿಲ್ಲದ ಹೆಂಗಸರು ಕದಿರಮ್ಮನ ಬಳಿಗೆ ಬರುತ್ತಾರೆ. ಅವಳು ಸೂಲಗಿತ್ತಿಯಲ್ಲ, ನರ್ಸಲ್ಲ. ಯಾರ ಹೊಟ್ಟೆಯ ಮೇಲೂ ಕೈಯಿಟ್ಟವಳಲ್ಲ, ಯಾರಿಗೂ ಒಂದು ಮಾತ್ರೆ ಕೊಟ್ಟವಳಲ್ಲ. ಅವಳು ಮಾಡುವುದು ಕೂಡ ಹೋಗುವ ಕೆಲಸವೊಂದನ್ನೇ. ಆಸ್ಪತ್ರೆಯ ಕಿಟಕಿಯಲ್ಲಿ "ಕೂಡ ಯಾರು ವಂದಿರುಕ್ಕಾಂಗ?" ಎಂದು ತಮಿಳಿನಲ್ಲಿ ಕೇಳಿದಾಗ ಆ ಹೆಣ್ಣಿನ ಬೆನ್ನ ಹಿಂದಿನಿಂದ "ನಾನು" ಎನ್ನುತ್ತಾಳೆ. ಕೂಡ ಯಾರು ಬಂದಿದ್ದಾರೆ ಎಂಬ ಆ ಸಣ್ಣ ಪ್ರಶ್ನೆಗೆ ಉತ್ತರವಿಲ್ಲದೆ ಸಾಲಿನಿಂದ ಹೊರಬಂದು, ಮೆಡಿಕಲ್ ಅಂಗಡಿಯ ಹಿಂಬಾಗಿಲಲ್ಲಿ ಯಾರೋ ತಂದುಕೊಟ್ಟ ಮಾತ್ರೆಯನ್ನು ನಂಬಿ ಸಾವಿನ ಹೊಸ್ತಿಲು ಮುಟ್ಟಿ ಬಂದವರು ಈ ಸೀಮೆಯಲ್ಲಿ ಇದ್ದಾರೆ. ಹೊಸ್ತಿಲು ದಾಟಿಯೇ ಹೋದವರೂ ಇದ್ದಾರೆ.

ಕೂಡ ಬಂದವಳು ಒಬ್ಬೊಬ್ಬ ಹೆಣ್ಣಿಗೂ ಏನಾದರೂ ಆಗಬೇಕಲ್ಲ. ಒಬ್ಬಳಿಗೆ ದೊಡ್ಡಮ್ಮ, ಇನ್ನೊಬ್ಬಳಿಗೆ ಅತ್ತೆ, ಮತ್ತೊಬ್ಬಳಿಗೆ ಅಕ್ಕ. ಅಲ್ಲಿನ ನರ್ಸ್ ಸೆಲ್ವಿ, ಬಾಯಿ ಜೋರು, ಕೈ ಮೆತ್ತಗಿರುವ ಹೆಂಗಸು, ತಮಿಳು ಬೆರೆತ ಕನ್ನಡದಲ್ಲಿ ಒಮ್ಮೆ ಕೇಳಿಯೇಬಿಟ್ಟಳು: "ಏನಮ್ಮಾ, ನಿಮ್ಗೆ ಎಷ್ಟು ಮಂದಿ ತಂಗಿ ಮಕ್ಳು?"

"ನಮ್ಮಮ್ಮಂಗೆ ಮಕ್ಳು ಜಾಸ್ತಿ ಕಣಮ್ಮ" ಎಂದಳು ಕದಿರಮ್ಮ, ನಗದೆ.

ಅವಳ ನಡಿಗೆಯಲ್ಲಿ ಎಡಕ್ಕೆ ಒಂದು ವಾಲುವಿಕೆಯಿದೆ. ವರ್ಷಗಟ್ಟಲೆ ಒಂದೇ ಸೊಂಟದ ಮೇಲೆ ಹೂವಿನ ಬುಟ್ಟಿ ಹೊತ್ತದ್ದರಿಂದ ಬಂದದ್ದು. ಬುಟ್ಟಿಯಿಲ್ಲದಾಗಲೂ ಕಾಣದ ಮಗುವೊಂದನ್ನು ಎತ್ತಿಕೊಂಡವಳಂತೆ ನಡೆಯುತ್ತಾಳೆ. ತಳಿಯ ಚಳಿಗೆ ಸೀರೆಯ ಮೇಲೊಂದು ನೀಲಿ ಕೋಟು. ಅದು ಅವಳ ಗಂಡ ಮುತ್ತರಾಯಪ್ಪ ಹೊಸೂರಿನ ಕಾರ್ಖಾನೆಯೊಂದಕ್ಕೆ ತೊಟ್ಟು ಹೋಗುತ್ತಿದ್ದ ಸಮವಸ್ತ್ರ. ಅವನು ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಾಗಲಿಲ್ಲ. ಕಿಸೆಯ ಮೇಲಿನ ಕಂಪನಿಯ ಹೆಸರು ತೊಳೆತೊಳೆದು ಮಾಸಿ, ಈಗ ಒಂದು ಕಲೆಯಷ್ಟೇ ಉಳಿದಿದೆ. ಆಸ್ಪತ್ರೆಯ ಒಳಗಿನಿಂದ ನಡುಗುತ್ತ ಬಂದ ಹುಡುಗಿಯರ ಹೆಗಲಿಗೆ ಆ ಕೋಟು ಏರುತ್ತದೆ. ಗಂಡಸಿನ ಅಳತೆಯದಾದ್ದರಿಂದ ಯಾರನ್ನಾದರೂ ಪೂರ್ತಿ ಮುಚ್ಚುತ್ತದೆ. ಏನೇ ಮುಗಿದರೂ "ಅದೂ ಆಯ್ತು" ಎನ್ನುವುದು ಅವಳ ಮಾತಿನ ರೂಢಿ. ಹೂವು ಮಾರಾಟವಾದರೂ ಅದೂ ಆಯ್ತು, ಬಾಡಿ ಉಳಿದರೂ ಅದೂ ಆಯ್ತು. ಗಂಡನನ್ನು ಮಣ್ಣು ಮಾಡಿ ಬಂದ ದಿನವೂ ಹಾಗೇ ಅಂದಳೆಂದು ಊರಿನವರು ಹೇಳುತ್ತಾರೆ.

ಹೂವಿನ ಬುಟ್ಟಿಯೇ ಅವಳ ಮರೆ. ಬೆಳಗಿನ ಬಸ್ಸಿಗೆ ಅವಳು ಮುಂದಿನ ಬಾಗಿಲಲ್ಲಿ ಹತ್ತುತ್ತಾಳೆ, ಕೂಡ ಬರುವವಳು ಹಿಂದಿನ ಬಾಗಿಲಲ್ಲಿ. ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ಹೊಸೂರಿನ ಮಾರುಕಟ್ಟೆಗೆ ಹೂವು ಹಾಕಿ, ಖಾಲಿ ಬುಟ್ಟಿಯಲ್ಲಿ ಒಂದು ಸ್ಟೀಲ್ ಕ್ಯಾರಿಯರ್ ಮಾತ್ರ ಉಳಿಸಿಕೊಂಡು ಅವಳು ಆಸ್ಪತ್ರೆಯ ಗೇಟಿಗೆ ಬರುವ ಹೊತ್ತಿಗೆ ಆ ಹೆಣ್ಣು ಅಲ್ಲಿ ನಿಂತಿರುತ್ತಾಳೆ. ಕ್ಯಾರಿಯರ್‌ನಲ್ಲಿ ಇರುವುದು ಬಾಣಂತಿ ಸಾರು: ಮೆಣಸು, ಬೆಳ್ಳುಳ್ಳಿ, ಜೀರಿಗೆ, ಮೇಲೆ ಒಂದಿಷ್ಟು ಹಿಪ್ಪಲಿ ಕುಟ್ಟಿ ಹಾಕಿ, ಎಳ್ಳೆಣ್ಣೆಯಲ್ಲಿ ಹುರಿದು ಕುದಿಸಿದ್ದು. ಹೆತ್ತವರಿಗೂ ಬಸುರು ಇಳಿದವರಿಗೂ ಈ ಕಡೆ ಕೊಡುವುದು ಅದನ್ನೇ. ಬೇರೆ ಯಾವ ಮೈಗೂ ಯಾರೂ ಅದನ್ನು ಮಾಡುವುದಿಲ್ಲ. ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ಕೂರಿಸಿ, ಅನ್ನ ಕಲಸಿ ತಿನ್ನಿಸಿ, ಕ್ಯಾರಿಯರನ್ನು ಅಲ್ಲಿಯೇ ನಲ್ಲಿಯಲ್ಲಿ ತೊಳೆದು ಬುಟ್ಟಿಗೆ ಹಾಕಿಕೊಳ್ಳುತ್ತಾಳೆ. ಹೆಣ್ಣಿನ ಜೊತೆ ಮನೆಗೆ ಏನೂ ಹೋಗಕೂಡದೆಂಬುದು ಅವಳ ಕಟ್ಟುನಿಟ್ಟು. ಒಂದು ಎಸಳು ಸೇವಂತಿಗೆಯೂ ಹೋಗಕೂಡದು.

ಆಮೇಲೆ ಅವರು ಅವಳನ್ನು ಕಂಡರೆ ಬೇರೆ ಕಡೆ ನೋಡುತ್ತಾರೆ. ಒಂದು ದಿನ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತವಳು ಮರುತಿಂಗಳು ಅಂಗಡಿಯಲ್ಲಿ ಎದುರಾದರೆ ಬೆಲ್ಲದ ಅಚ್ಚನ್ನು ತಿರುತಿರುಗಿಸಿ ನೋಡುತ್ತ ನಿಲ್ಲುತ್ತಾಳೆ. ಕದಿರಮ್ಮನ ಗುರುತಿರುವುದೇ ಒಂದು ಗುಟ್ಟು ಹೊರಬಿದ್ದ ಹಾಗೆ. ಆದ್ದರಿಂದಲೇ ಅವಳು ಮೊದಲು ಮಾತಾಡಿಸುವುದಿಲ್ಲ. ಮಾತಾಡಿಸುವ ಹಕ್ಕನ್ನು ಅವರಿಗೇ ಬಿಟ್ಟಿದ್ದಾಳೆ. ಆ ಹಕ್ಕನ್ನು ಬಳಸಿದವರು ಕಡಿಮೆ. ಸೀಮಂತಕ್ಕೆ ಅವಳನ್ನು ಕರೆಯುವವರಿಲ್ಲ, ನಾಮಕರಣಕ್ಕೆ ಕರೆಯುವವರಿಲ್ಲ. "ತಾನು ಹೆರ್ಲಿಲ್ಲ, ಹೆರೋರ್ನೂ ಬಿಡಲ್ಲ" ಎಂಬ ಮಾತು ಊರಿನಲ್ಲಿದೆ. ಉಳಿದಿದ್ದ ಬಾಗಿಲು ಒಂದೇ: ಎರಡು ಬೀದಿ ಆಚೆಗಿರುವ ತಮ್ಮ ಪಾಪಯ್ಯನ ಮನೆ. ಹಬ್ಬಕ್ಕೆ ಅಲ್ಲಿ ಅವಳಿಗೊಂದು ಎಲೆ ಇರುತ್ತಿತ್ತು. ತಮ್ಮನ ಹೆಂಡತಿ ಆದಿಲಕ್ಷ್ಮಮ್ಮ "ಬಾಕ್ಕಾ, ಕೂತ್ಕ" ಎನ್ನುತ್ತಿದ್ದಳು. ಅವಳಿಗೆ ಎಲ್ಲವೂ ಗೊತ್ತಿತ್ತು. "ಊರ ಮಾತು ಊರಲ್ಲಿರ್ಲಿ, ನಮ್ಮನೆಗೆ ತರಬ್ಯಾಡ ಅಷ್ಟೆ" ಎಂದು ಒಮ್ಮೆ ಹೇಳಿದ್ದಳು, ಕೋಪದಿಂದಲ್ಲ. ಕದಿರಮ್ಮ ಆ ಮಾತನ್ನು ಮನೆಯ ಬೀಗದಕೈಯಷ್ಟು ಜೋಪಾನವಾಗಿ ಕಾಪಾಡಿಕೊಂಡಿದ್ದಳು. ಆ ಬಾಗಿಲೂ ಮುಚ್ಚಿದರೆ ತನ್ನನ್ನು ಅಕ್ಕ ಎನ್ನುವ ಒಂದು ಬಾಯಿಯೂ ಊರಿನಲ್ಲಿ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅಕ್ಕತಮ್ಮಂದಿರಿಗೆ ಒಬ್ಬ ತಂಗಿಯಿದ್ದಳು, ಗಂಗಾದೇವಿ. ಮೂರು ಮಕ್ಕಳಾದ ಮೇಲೆ ನಾಲ್ಕನೆಯದು ನಿಂತಾಗ ಬಸುರು ಇಳಿಸಲು ಯಾರೋ ಹೇಳಿದ ಎಕ್ಕದ ಕಡ್ಡಿಯನ್ನು ನಂಬಿ, ದನದ ಕೊಟ್ಟಿಗೆಯಲ್ಲಿ ಒಬ್ಬಳೇ ಮಲಗಿ ತೀರಿಕೊಂಡಳು. ಮನೆಯವರು ಕಾಮಾಲೆ ಅಂದರು. ಇಂದಿಗೂ ಪಾಪಯ್ಯನ ಮನೆಯಲ್ಲಿ ಅದು ಕಾಮಾಲೆಯೇ. ಅದು ಎಂಬತ್ತರ ದಶಕದ ಕೊನೆ. ಗರ್ಭ ತೆಗೆಸಲು ದೇಶದಲ್ಲಿ ಕಾನೂನು ಬಂದು ಅಷ್ಟರಲ್ಲಿ ಹದಿನೈದು ವರ್ಷ ಮೀರಿತ್ತು. ಆಸ್ಪತ್ರೆ ಒಂದು ಬಸ್ಸಿನ ದೂರದಲ್ಲಿತ್ತು.

ಗಂಗಾದೇವಿ ಸಾಯುವಾಗಲೇ ಅಂಥ ಕಾನೂನು ಇತ್ತೆಂಬುದು ಕದಿರಮ್ಮನಿಗೆ ತಿಳಿದದ್ದು ಬಹಳ ತಡವಾಗಿ, ಕೃಷ್ಣಗಿರಿಯಲ್ಲಿ ಮಹಿಳಾ ಸಂಘದವರು ಕರೆದಿದ್ದ ಒಂದು ಸಭೆಯಲ್ಲಿ. ಅಲ್ಲಿ ಸರಳಾ ಎಂಬ ಕಾರ್ಯಕರ್ತೆ ಗೋಡೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಲೋಕದ ಕಥೆ ಹೇಳಿದಳು. ಅರ್ಜೆಂಟೀನಾ ಎಂಬ ದೇಶದಲ್ಲಿ ಲಕ್ಷಾಂತರ ಹೆಂಗಸರು ಕೊರಳಿಗೆ ಹಸಿರು ವಸ್ತ್ರ ಕಟ್ಟಿ ಬೀದಿ ತುಂಬಿದ್ದು, ಆ ಹಸಿರು ಪಕ್ಕದ ದೇಶಗಳಿಗೂ ಹಬ್ಬಿದ್ದು. ಪೋಲೆಂಡಿನಲ್ಲಿ ಕಪ್ಪು ಬಟ್ಟೆ ತೊಟ್ಟು ಮಳೆಯಲ್ಲಿ ನಿಂತದ್ದು. ಅಮೆರಿಕದಲ್ಲಿ ಅರ್ಧ ಶತಮಾನ ಇದ್ದ ಹಕ್ಕು ಒಂದು ತೀರ್ಪಿನಲ್ಲಿ ಹೋದದ್ದು. ನಮ್ಮ ಬೆಳಗಾವಿ ಕಡೆಯ ಹೆಣ್ಣುಮಗಳೊಬ್ಬಳು ಐರ್ಲೆಂಡಿನ ಆಸ್ಪತ್ರೆಯಲ್ಲಿ, ಉಳಿಯದ ಬಸುರನ್ನು ತೆಗೆಯಿರೆಂದು ಕೇಳಿಯೂ ಅವರು ತೆಗೆಯದೆ, ನಂಜೇರಿ ಸತ್ತಳೆಂದೂ ಅವಳ ಚಿತ್ರ ಹಿಡಿದು ಆ ದೇಶದ ಜನ ಕೆಲವು ವರ್ಷಗಳಲ್ಲಿ ಕಾನೂನನ್ನೇ ಬದಲಿಸಿದರೆಂದೂ ಹೇಳಿದಾಗ, ಅಲ್ಲಿಯತನಕ ತೆಪ್ಪಗಿದ್ದ ಕದಿರಮ್ಮ ಎದ್ದು ನಿಂತಳು.

"ಆವಮ್ಮನ ಕೂಡ ಯಾರಿದ್ರು?"

"ಗಂಡ ಇದ್ರಮ್ಮ, ಪಕ್ಕದಲ್ಲೇ."

"ಅಲ್ಲಿ ಜೊತೆಗಿದ್ರೂ ಕಾನೂನು ಬಿಡ್ಲಿಲ್ಲ. ನಮ್ ಗಂಗಂಗೆ ಕಾನೂನಿತ್ತು, ಯಾರೂ ಇರ್ಲಿಲ್ಲ" ಎಂದು ಕದಿರಮ್ಮ ಕೂತಳು. ಮತ್ತೆ ಎದ್ದು ಕೇಳಿದಳು: "ಆವೂರ ಹೆಂಗಸ್ರು ರಸ್ತೇಲಿ ಕೂಗಿ ಕೂಗಿ ತಕಂಡ್ರು. ನಮಗೆ ಯಾರ್ ಕೂಗಿದ್ರು?"

ಸರಳಾ ಹೇಳಿದಳು, ನಮ್ಮಲ್ಲಿ ಅಷ್ಟು ದೊಡ್ಡ ಕೂಗು ಎದ್ದಿರಲಿಲ್ಲ. ಹೆಂಗಸರು ಕದ್ದು ತೆಗೆಸಿಕೊಂಡು ಸಾಯುವುದನ್ನು ಕಂಡ ವೈದ್ಯರು, ಜನಸಂಖ್ಯೆಯ ಚಿಂತೆಯಲ್ಲಿದ್ದ ಸರ್ಕಾರ ಸೇರಿ ಮಾಡಿದ ಕಾನೂನು ಅದು ಎಂದು.

"ಅದ್ಕೇ ಮತ್ತೆ" ಎಂದಳು ಕದಿರಮ್ಮ. "ಕೂಗಿದ್ದಿದ್ರೆ ನಮ್ಮೂರ್ಗೂ ಕೇಳ್ಸಿರೋದು."

ಆ ಸಭೆಯಿಂದ ಅವಳು ಒಂದು ವಾಕ್ಯವನ್ನು ಮಾತ್ರ ಮನೆಗೆ ತಂದಳು, ಅದೂ ತಮಿಳಿನಲ್ಲಿ, ಏಕೆಂದರೆ ಕನ್ನಡದಲ್ಲಿ ಹೇಳಿದರೆ ಕಿಟಕಿಯ ಹಿಂದಿನವರು ತಲೆಯೆತ್ತುವುದಿಲ್ಲ: "ಪದಿನೆಟ್ಟು ವಯಸು ಆಚು, ಅವ ಕೈಯೆಳ್ತೇ ಪೋದುಂ." ಹದಿನೆಂಟು ತುಂಬಿದೆ, ಅವಳ ಸಹಿಯೇ ಸಾಕು. ಗಂಡನನ್ನು ಕರೆತಾ ಎಂದು ಯಾರಾದರೂ ಅಂದರೆ ಅವಳು ಆ ವಾಕ್ಯವನ್ನು ಮಂತ್ರದ ಹಾಗೆ, ರಾಗ ಬದಲಿಸದೆ, ಅವರು ಸೋಲುವವರೆಗೆ ಹೇಳುತ್ತಾಳೆ.

ಬಂದವರನ್ನೆಲ್ಲ ಅವಳು ಕರೆದುಕೊಂಡು ಹೋಗುತ್ತಾಳೆಂದಲ್ಲ. ಸೇವಂತಿಗೆಯ ಸಾಲುಗಳ ನಡುವೆ, ಬೇರೆ ಯಾರ ಕಿವಿಗೂ ಬೀಳದ ಕಡೆ ನಿಲ್ಲಿಸಿಕೊಂಡು "ನಿಂಗೇನ್ ಬೇಕು?" ಎಂದು ಕೇಳುತ್ತಾಳೆ. ಉತ್ತರ ಬರುವ ತನಕ ಹೂವು ಬಿಡಿಸುತ್ತಿರುತ್ತಾಳೆ. ಒಮ್ಮೆ ಒಂದು ಮನೆಯವರು ಕದ್ದು ಸ್ಕ್ಯಾನ್ ಮಾಡಿಸಿ, ಹೆಣ್ಣೆಂದು ತಿಳಿದು, ಸೊಸೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದರು. ಆ ಹುಡುಗಿ ಪ್ರಶ್ನೆ ಕೇಳಿಸಿಕೊಂಡು ದೂರದಲ್ಲಿ ನಿಂತಿದ್ದ ಅತ್ತೆಯ ಕಡೆ ನೋಡಿದಳು. "ಅವ್ರನ್ನ ನೋಡ್ಬ್ಯಾಡ, ನನ್ನ ನೋಡು" ಎಂದರೂ ನೋಡಲಿಲ್ಲ. ಕದಿರಮ್ಮ ಬುಟ್ಟಿಯೆತ್ತಿಕೊಂಡು ಹೊರಟುಬಿಟ್ಟಳು. "ಹೆರೋರ್ನೂ ಬಿಡಲ್ಲ" ಎಂಬ ಊರಿನ ಮಾತನ್ನು ಹೆಚ್ಚು ಜೋರಾಗಿ ಆಡುವವರು ಇಂದಿಗೂ ಆ ಮನೆಯವರೇ. ಇನ್ನೊಮ್ಮೆ ಉಷಾರಾಣಿ ಎಂಬ ಗಾರ್ಮೆಂಟ್ಸ್ ಹುಡುಗಿ ಎಲ್ಲ ನಿಶ್ಚಯಿಸಿ ಬಸ್ಸು ಹತ್ತಿದವಳು ಮತ್ತಿಗಿರಿಯಲ್ಲಿ ಹಠಾತ್ತನೆ ಇಳಿದು ಹಿಂದಿರುಗಿದಳು. ಕಿಟಕಿಯಿಂದ ಅವಳು ಹೋಗುವುದನ್ನು ನೋಡಿದ ಕದಿರಮ್ಮ "ಅದೂ ಆಯ್ತು" ಎಂದು ಹೂವು ಮಾರಲು ಹೋದಳು.

ಹೋದ ವರ್ಷ ಮಾಗಿಯಲ್ಲಿ ಸೇವಂತಿಗೆಯ ಸಾಲಿಗೆ ಬಂದು ನಿಂತವಳು ಭಾನು, ಪಾಪಯ್ಯನ ಸೊಸೆ. ಅವಳ ಗಂಡ ಜಗನ್ ಹೊಸೂರಿನಲ್ಲಿ ಕೆಲಸಕ್ಕಿದ್ದಾನೆ. ಹೊಟ್ಟೆ ಕುಯ್ದು ತೆಗೆದ ಹೆಣ್ಣುಮಗು ಇನ್ನೂ ಅಂಬೆಗಾಲಿಡುತ್ತಿತ್ತು, ಹೊಲಿಗೆಯ ಜಾಗ ಇನ್ನೂ ಸೆಳೆಯುತ್ತಿತ್ತು, ಮತ್ತೆ ನಿಂತಿತ್ತು. ಮನೆಯಲ್ಲಿ ಅತ್ತೆ ಈ ಸಲ ಗಂಡೇ ಎಂದು ಹರಸಿಕೊಳ್ಳಲು ಶುರುಮಾಡಿದ್ದಳು.

ಕದಿರಮ್ಮನ ಕೈ ಹೂವಿನ ಮೇಲೆ ನಿಂತಿತು. "ಜಗನ್ ಏನಂತಾನೆ?"

"ಅಮ್ಮನ್ನ ಕೇಳು ಅಂತಾರೆ, ದೊಡ್ಡತ್ತೆ. ಅವ್ರಮ್ಮನ್ನ ಕೇಳಿದ್ರೆ ದೇವ್ರು ಕೊಟ್ಟಿದ್ದು ಅಂತಾರೆ. ದೇವ್ರನ್ನ ಕೇಳಾಕೆ ನಂಗೆ ಟೈಮಿಲ್ಲ."

"ನಿಂಗೇನ್ ಬೇಕು?"

"ಬ್ಯಾಡ." ಹುಡುಗಿ ತಡವರಿಸಲಿಲ್ಲ. "ಈಗ ಬ್ಯಾಡ. ನನ್ ಮೈ ನಂಗೆ ವಾಪಸ್ ಬರ್ಲಿ ಮೊದ್ಲು."

ಕದಿರಮ್ಮ ಆ ಹೊತ್ತು ಮೊದಲ ಬಾರಿಗೆ, ಬೇರೆ ಯಾರನ್ನಾದರೂ ಕರೆದುಕೊಂಡು ಹೋಗೇ ಎಂದು ಹೇಳಬೇಕೆಂದುಕೊಂಡಳು. ಬಾಯಿಗೆ ಬಂದ ಮಾತು ಅದೇ. ತಮ್ಮನ ಮನೆಯ ನಡುಮನೆ, ಕಂಬ, ಹಬ್ಬದ ಎಲೆ, ಆದಿಲಕ್ಷ್ಮಮ್ಮನ "ಬಾಕ್ಕಾ" ಎಲ್ಲವೂ ಕಣ್ಣ ಮುಂದೆ ಬಂದವು. ಆದರೆ ಬೇರೆ ಯಾರು? ಆ "ಬೇರೆ ಯಾರಾದರೂ" ಎಂಬವಳು ತಾನೇ ಅಲ್ಲವೆ?

"ಮಂಗಳವಾರ ಬಸ್ಸಿಗೆ ಬಾ" ಎಂದಳು.

ಆಸ್ಪತ್ರೆಯಲ್ಲಿ ಸೆಲ್ವಿ ಎಂದಿನಂತೆ ಕೇಳಿದಳು, ಇವಳು ಏನಾಗಬೇಕು ಎಂದು. "ತಮ್ಮನ ಸೊಸೆ" ಎಂದಳು ಕದಿರಮ್ಮ. "ಆಗ್ಲಿ ಆಗ್ಲಿ, ನಂಬಿದೆ" ಎಂದು ಸೆಲ್ವಿ ನಕ್ಕಳು. ಅಷ್ಟು ವರ್ಷಗಳಲ್ಲಿ ಅವಳು ಹೇಳಿದ ಒಂದೇ ಒಂದು ನಿಜವಾದ ನಂಟು ಅದು.

ಎಲ್ಲ ಸರಿಯಾಗಿಯೇ ಮುಗಿಯಿತು. ಮನೆಯಲ್ಲಿ ಬಸುರು ತಾನಾಗಿ ಇಳಿಯಿತೆನ್ನುವುದೆಂದು ಭಾನು ನಿಶ್ಚಯಿಸಿದ್ದಳು. ಆದರೆ ಬೇವಿನ ಮರದ ಕೆಳಗೆ ಭಾನುವಿಗೆ ಅನ್ನ ಸೇರಲಿಲ್ಲ. ಎರಡು ತುತ್ತಿಗೆ ತಲೆಯಾಡಿಸಿದಳು. ಬೇರೆ ಯಾರಾಗಿದ್ದರೂ ಕದಿರಮ್ಮ ಕಾಯುತ್ತಿದ್ದಳು, ಗದರುತ್ತಿದ್ದಳು, ಕೊನೆಗೆ ಸಾರನ್ನು ಮಣ್ಣಿಗೆ ಚೆಲ್ಲಿ ಕ್ಯಾರಿಯರ್ ತೊಳೆಯುತ್ತಿದ್ದಳು. ಇವಳು ಮನೆಯ ಹುಡುಗಿ. ಬೆಳಗ್ಗೆ ಹಿಪ್ಪಲಿಯನ್ನು ಎರಡು ಪಾಲು ಹೆಚ್ಚು ಹಾಕಿ ಕುದಿಸಿದ್ದಳು. ಬರಿಹೊಟ್ಟೆಯಲ್ಲಿ, ಬಣ್ಣವಿಳಿದ ಮುಖದಲ್ಲಿ ಆ ಹುಡುಗಿ ಹೋಗಿ ನೀರು ಹೊರುವುದನ್ನು ನೆನೆದು ಅವಳು ತನ್ನ ಕಟ್ಟುನಿಟ್ಟನ್ನು ಮುರಿದಳು. "ತಕಂಡೋಗು. ಬಿಸಿ ಮಾಡ್ಕಂಡು ಉಣ್ಣು" ಎಂದು ಕ್ಯಾರಿಯರನ್ನು ಭಾನುವಿನ ಬ್ಯಾಗಿನಲ್ಲಿ ತಾನೇ ಇಟ್ಟಳು.

ಬಾಣಂತಿ ಸಾರನ್ನು ರಾಗಿ ಡಬ್ಬದ ಹಿಂದೆ ಬಚ್ಚಿಡಬಹುದು, ಅದರ ವಾಸನೆಯನ್ನು ಬಚ್ಚಿಡಲಾಗುವುದಿಲ್ಲ. ಸಂಜೆ ಹಾಲಿಗಾಗಿ ಅಡುಗೆಮನೆಗೆ ಬಂದ ಆದಿಲಕ್ಷ್ಮಮ್ಮ ಹೊಸ್ತಿಲಲ್ಲೇ ನಿಂತಳು. ಮೂರು ಹೆತ್ತವಳು, ಆ ವಾಸನೆ ಅವಳ ಮೈಗೇ ಗೊತ್ತು. ಮುಚ್ಚಳದ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರಿತ್ತು: ಪಾಪಯ್ಯ. ಅಕ್ಕನ ಮನೆಯ ಗೃಹಪ್ರವೇಶಕ್ಕೆ ತಾವೇ ಕೊಟ್ಟ ಉಡುಗೊರೆ. ಅವಳು ಸೊಸೆಯನ್ನು ಏನೂ ಕೇಳಬೇಕಾಗಲಿಲ್ಲ.

ಮರುದಿನ ಅವಳು ಕ್ಯಾರಿಯರನ್ನು ಹಿಂದಿರುಗಿಸಲು ಬಂದಳು. ಈ ಕಡೆ ಕೊಟ್ಟ ಪಾತ್ರೆಯನ್ನು ಯಾರೂ ಬರಿದಾಗಿ ಮರಳಿಸುವುದಿಲ್ಲ. ಒಂದು ಹಿಡಿ ಅಕ್ಕಿ, ಒಂದು ಚೂರು ಬೆಲ್ಲವಾದರೂ ಇರುತ್ತದೆ. ಅದು ಬರಿದಾಗಿತ್ತು, ಒರೆಸಿ ಒಣಗಿಸಿತ್ತು.

"ಊರ್ಗೆಲ್ಲ ಮಾಡ್ದೆ, ನಾನು ಬಾಯ್ ಬಿಟ್ನಾ? ನಮ್ಮನೇಗೂ ಕೈ ಹಾಕ್ಬುಟ್ಯಲ್ಲ."

"ಅವ್ಳೇ ಬಂದ್ಲು ಕಣೆ."

"ಬಂದ್ರೆ? ಕಿವಿ ಹಿಂಡಿ ಕಳ್ಸಾಕೆ ಆಗ್ಲಿಲ್ವಾ? ಗಂಡಾಗಿದ್ರೆ?"

"ಅದ್ನ ಅಲ್ಲಿ ಯಾರೂ ನೋಡಲ್ಲ, ನಾನೂ ಕೇಳಲ್ಲ."

ಆದಿಲಕ್ಷ್ಮಮ್ಮ ಅಳುತ್ತಿದ್ದಳು. ಅವಳು ಕೆಟ್ಟವಳಲ್ಲ, ಮೊಮ್ಮಗನ ಮುಖವೊಂದನ್ನು ಮನಸ್ಸಿನಲ್ಲಿ ಬಿಡಿಸಿಟ್ಟುಕೊಂಡಿದ್ದಳು, ಅದು ಅಳಿಸಿಹೋಗಿತ್ತು. ಕದಿರಮ್ಮ ಅವಳಿಗೆ ನೀರು ತಂದಿಟ್ಟಳು. ಅವಳು ಮುಟ್ಟದೆ ಹೋದಳು.

ಆ ಮಾಗಿ ಕದಿರಮ್ಮನಿಗೆ ಬಹಳ ಉದ್ದವಾಯಿತು. ಎರಡು ಬೀದಿ ಆಚೆ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹಾಕಿದ ಹಾಡು ಅವಳ ಅಂಗಳಕ್ಕೆ ಕೇಳಿಸುತ್ತಿತ್ತು. ಮೈಕು ನಿಲ್ಲುವ ತನಕ ಕೂತು ಹೂವು ಕಟ್ಟಿದಳು. ಮಾರುವುದಕ್ಕೂ ಮುಡಿಯುವುದಕ್ಕೂ ಅಲ್ಲದ ಹೂವು. ಪಾಪಯ್ಯ ದಾರಿಯಲ್ಲಿ ಕಂಡರೆ ಹೆಗಲ ಟವಲಿನಿಂದ ಮುಖ ಒರೆಸಿಕೊಳ್ಳುತ್ತ ಹೋಗಿಬಿಡುತ್ತಿದ್ದ.

ಯುಗಾದಿಗೆ ಮಾತ್ರ ಅವನೇ ಬಾಗಿಲಿಗೆ ಬಂದ. "ಬತ್ತೀಯಾ ಅಕ್ಕ? ಲಕ್ಷ್ಮಿನೇ ಕರಿ ಅಂದ್ಲು. ಒಂದ್ ಮಾತಂತೆ, ಅದ್ನ ಹೇಳ್ಬುಟ್ರೆ ಆಯ್ತಂತೆ."

ಮಾತು ಏನೆಂದು ಅವಳು ಕೇಳಲಿಲ್ಲ. ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟಳು. ತಮ್ಮನ ಮನೆಯಲ್ಲಿ ಬೇವು ಬೆಲ್ಲ ಕೊಟ್ಟರು, ನಡುಮನೆಯಲ್ಲಿ ಎಲೆ ಹಾಸಿದರು. ಜಗನ್ "ಕೂತ್ಕ ಅತ್ತೆ" ಎಂದ. ಅಂಬೆಗಾಲು ಬಿಟ್ಟು ನಡೆಯಲು ಕಲಿತಿದ್ದ ಮಗು ಬಂದು ಅವಳ ಮಂಡಿ ಹಿಡಿದು ನಿಂತಿತು. ಭಾನು ಒಬ್ಬಟ್ಟಿನ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿದ್ದಳು. ಮುಖಕ್ಕೆ ಬಣ್ಣ ಮರಳಿತ್ತು.

ಆದಿಲಕ್ಷ್ಮಮ್ಮ ಎಲೆಗೆ ತುಪ್ಪ ಹಾಕುತ್ತ ಮೆಲ್ಲಗೆ ಹೇಳಿದಳು: "ಆಗಿದ್ದು ಆಗೋಯ್ತಕ್ಕ. ನಂಗೂ ನೀನಿಲ್ದೆ ಹಬ್ಬ ಹಬ್ಬ ಅನ್ನಿಸ್ಲಿಲ್ಲ. ದೀಪ ಹಚ್ಚಿದೀನಿ. ಇನ್ ಮೇಲೆ ಯಾರ್ ಕೂಡಾನೂ ಹೋಗಲ್ಲ ಅಂತ ದೀಪ ಮುಟ್ಟಿ ಹೇಳ್ಬುಡು. ಇಲ್ಲೇ ಇದ್ಬುಡು ಬೇಕಾದ್ರೆ. ಒಬ್ಳೇ ಯಾಕ್ ಬೇಯಿಸ್ಕಂತೀಯ?"

ಅದು ಬೆದರಿಕೆಯಾಗಿದ್ದರೆ ಸುಲಭವಿತ್ತು. ಕದಿರಮ್ಮ ಮಗುವಿನ ತಲೆ ಸವರಿದಳು. ಕಣ್ಣೆತ್ತಿದಾಗ ಭಾನುವಿನ ತುಟಿ ತೆರೆಯುತ್ತಿರುವುದು ಕಂಡಿತು. ಹುಡುಗಿ ಏನೋ ಹೇಳಲಿದ್ದಳು, ಈ ಮನೆಯಲ್ಲಿ ಬಾಳಬೇಕಾದವಳು ಹೇಳಬಾರದ್ದನ್ನು. ಕದಿರಮ್ಮ ಕಂಡೂ ಕಾಣದಷ್ಟು ತಲೆಯಾಡಿಸಿದಳು, ಬೇಡ ಎಂದು. ಭಾನು ತಟ್ಟೆಯ ಕಡೆ ನೋಡಿದಳು.

"ಹಂಗೆ ಹೇಳಾಕಾಗಲ್ಲ ಕಣೆ ಲಕ್ಷ್ಮಿ" ಎಂದಳು ಕದಿರಮ್ಮ. "ನಾಳೆ ಯಾವಳಾದ್ರೂ ಬಂದು ನಿಂತ್ರೆ, ದೀಪ ಮುಟ್ಟಿದೀನಿ ಹೋಗವ್ವ ಅಂತ ನಾನು ಅನ್ಬೇಕಾ? ಹೋಗಿ ಏನ್ ಮಾಡ್ಕಂತಾಳೆ ಅಂತ ಈ ಮನೇಲಿ ಗೊತ್ತಿಲ್ವಾ?"

ಪಾಪಯ್ಯ ಎಲೆಯ ಮೇಲೆ ಕೈ ಇಟ್ಟುಕೊಂಡೇ ಇದ್ದ. ಗಂಗಾದೇವಿಯ ಹೆಸರು ಆ ನಡುಮನೆಗೆ ಬಂದು ಯಾರ ಬಾಯಿಂದಲೂ ಹೊರಡದೆ ನಿಂತಿತು. ಕೊನೆಗೆ ಅವನು "ಉಣ್ಣಕ್ಕ, ಆರೋಗ್ತದೆ" ಎಂದನಷ್ಟೆ.

ಅವಳು ಎಲೆಗೆ ನಮಸ್ಕರಿಸಿ, ಮಗುವಿನ ಬೆರಳುಗಳನ್ನು ಸೀರೆಯಿಂದ ಒಂದೊಂದಾಗಿ ಬಿಡಿಸಿ, ಎದ್ದಳು. ಯಾರೂ ತಡೆಯಲಿಲ್ಲ. ಆದಿಲಕ್ಷ್ಮಮ್ಮ ತುಪ್ಪದ ಗಿಂಡಿಯನ್ನು ಹಿಡಿದು ಹಾಗೆಯೇ ಕೂತಿದ್ದಳು.

ಹೋರಾಟಗಳ ಚರಿತ್ರೆಯಲ್ಲಿ ಬೀದಿಗೆ ಬಂದವರ ಹೆಸರಿರುತ್ತದೆ, ಇರಲೇಬೇಕು. ಅವರು ಕೂಗದಿದ್ದರೆ ಎಷ್ಟೋ ದೇಶಗಳಲ್ಲಿ ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ತೆರೆದ ಬಾಗಿಲಿನ ತನಕ ಭಯಗೊಂಡ ಒಂದು ಹೆಣ್ಣನ್ನು ಕಾನೂನು ತಾನಾಗಿ ನಡೆಸಿಕೊಂಡು ಬರಲಾರದು. ಅದಕ್ಕೆ ಯಾವುದೋ ಊರಿನ, ಯಾವುದೋ ಭಾಷೆಯ, ಮಾಸಿದ ಕೋಟಿನ ಒಬ್ಬಳು ಬೇಕು. ಅಂಥವರಿಗೆ ಮೆರವಣಿಗೆಯಿಲ್ಲ, ಮೆಚ್ಚುಗೆಯಿಲ್ಲ. ತನ್ನ ಬದುಕಿನ ಅತಿ ಕಷ್ಟದ ದಿನವನ್ನು ಕಂಡ ಕಣ್ಣುಗಳನ್ನು ಮತ್ತೆ ಎದುರಿಸುವುದು ಯಾರಿಗೂ ಸುಲಭವಲ್ಲ. ಅದು ಕೃತಘ್ನತೆಯಲ್ಲ, ಬಾಳಬೇಕಾದವರ ಮರೆವು. ಅದನ್ನು ತಿಳಿದೇ ಕೂಡ ಹೋಗುವವರು ಹೊರಡುತ್ತಾರೆ. ಅವರನ್ನು ಒಳಗೆ ಕರೆಯುವ ಮನೆಗಳು ಕಡಿಮೆ. ಅವರಿಲ್ಲದಿದ್ದರೆ ಆ ಮನೆಗಳಿಗೆ ಮರಳಿ ಬಾರದೆ ಹೋಗುತ್ತಿದ್ದ ಹೆಣ್ಣುಮಕ್ಕಳು ಎಷ್ಟೆಂದು ಹೇಳಬಲ್ಲವರೂ ಇಲ್ಲ.